ಅಂಕುಶ ಯಾರಿಗೆ?

ಪ್ರಜೆಯ ತಟ್ಟೆಯೊಳಗೆ ಸರಕಾರವು ಕೈಹಾಕುವುದು ಯುಕ್ತವೇ? ವಾಚಕ ಮಹಾಶಯರೇ, ಬರಿಯ ತರ್ಕದಲ್ಲಿ ತೊಡಗುವ ಮೊದಲು, ಡೆನ್ಮಾರ್ಕ್ ದೇಶವು ರಚಿಸಿದ ಎರಡು ಕಾನೂನುಗಳನ್ನು ಅವಲೋಕಿಸೋಣ.

2011ರ ಅಕ್ಟೋಬರಿನಲ್ಲಿ ಅಲ್ಲಿಯ ಸರಕಾರವು ಬೆಣ್ಣೆ, ಚೀಸ್, ಮಾಂಸ ಮೊದಲಾದವುಗಳಲ್ಲಿರುವ ಪರ್ಯಾಪ್ತ ಕೊಬ್ಬಿನ ಮೇಲೆ ಕಿಲೋಗೆ 16 ಕ್ರೋನರ್ ತೆರಿಗೆ ವಿಧಿಸಿತು. ಎಷ್ಟೋ ಮಂದಿ ಗಡಿ ದಾಟಿ ಜರ್ಮನಿಯಲ್ಲಿ ಬೆಣ್ಣೆ ಕೊಂಡರು. ಕೊಬ್ಬಿನ ಸೇವನೆ ತುಸು ತಗ್ಗಿತೆಂಬ ವಾದವೂ ಉಂಟು. ಆದರೂ ಹದಿನೈದೇ ತಿಂಗಳಲ್ಲಿ ತೆರಿಗೆ ರದ್ದಾಯಿತು.

ಅದೇ ದೇಶವು 2003ರಲ್ಲಿ ಮಾಡಿದ ಕಟ್ಟಳೆಯ ಗತಿಯೇ ಬೇರೆ. ದ್ರವರೂಪದ ಎಣ್ಣೆಗೆ ಜಲಜನಕವನ್ನು ಅರೆಬರೆಯಾಗಿ ಕೂಡಿಸಿ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಮಾರಕ. ತಿನಿಸಿನಲ್ಲಿರುವ ಪ್ರತಿ 100 ಗ್ರಾಂ ಕೊಬ್ಬಿನಲ್ಲಿ ಅದು 2 ಗ್ರಾಂ ಮೀರಕೂಡದೆಂದು ಆ ಕಟ್ಟಳೆ ನಿಯಮಿಸಿತು. ಜನರು ಯಾವ ತಿನಿಸನ್ನೂ ತ್ಯಜಿಸಬೇಕಾಗಲಿಲ್ಲ. ತಯಾರಕರೇ ಎಣ್ಣೆಯನ್ನು ಬದಲಿಸಿದರು. 2021ರಿಂದ ಇಡೀ ಐರೋಪ್ಯ ಒಕ್ಕೂಟಕ್ಕೆ ಅದೇ ಮಿತಿ ಅನ್ವಯಿಸುತ್ತಿದೆ.

ಬೆಣ್ಣೆಯನ್ನು ತಿನ್ನುವವನು ಬೆಣ್ಣೆಯೆಂದು ಬಲ್ಲನು. ಅವನ ಆಯ್ಕೆಗೆ ದಂಡ ಹಾಕುವುದು ನಮಗೆ ಅಷ್ಟಾಗಿ ಒಪ್ಪುವ ಮಾತಲ್ಲ. ಬಿಸ್ಕತ್ತಿನೊಳಗಿನ ಟ್ರಾನ್ಸ್ ಕೊಬ್ಬನ್ನಾದರೋ ಕಂಡವರಾರು? ಅರಿವೇ ಇಲ್ಲದೆಡೆ ಆಯ್ಕೆಯೆಂಬ ಮಾತಿಗೆ ಅರ್ಥವಿಲ್ಲ.

ನಮ್ಮ ದೇಶದಲ್ಲಿಯೂ 2022ರ ಜನವರಿಯಿಂದ ಶೇಕಡಾ 2ರ ಮಿತಿ ಜಾರಿಯಲ್ಲಿದೆ. ಇದು ಸ್ತುತ್ಯವೇ ಸರಿ. ಆದರೆ ಸಂತೆಯಲ್ಲಿ ಬಿಡಿಯಾಗಿ ತೂಗಿ ಮಾರುವ ಖಾರಾ ಬಿಸ್ಕತ್ತಿಗೆ ಚೀಟಿಯಿಲ್ಲ, ವಿಳಾಸವಿಲ್ಲ. ಅದರ ವನಸ್ಪತಿಯನ್ನು ಪರೀಕ್ಷಿಸಬೇಕಾದವನು ಕೊಳ್ಳುವ ಬಡವನಲ್ಲ, ಸರಕಾರದ ಆಹಾರ ಸುರಕ್ಷಾಧಿಕಾರಿ. ಆತನು ಆ ಸಂತೆಗೆ ಕಾಲಿಟ್ಟು ಎಷ್ಟು ಕಾಲವಾಯಿತು?