ಐ-20ರಲ್ಲಿ ಕಾಣದ ಖರ್ಚು

ಅಮೆರಿಕದ ವಿಶ್ವವಿದ್ಯಾಲಯ ಸೀಟು ಕೊಟ್ಟ ಮೇಲೆ ಕಳಿಸುವ ಐ-20 ಪತ್ರವನ್ನು ನಮ್ಮಲ್ಲಿ ಓದುವವರು ಕಡಿಮೆ. ಹೆಸರು, ಹುಟ್ಟಿದ ತಾರೀಕು ಸರಿಯಿದೆಯೇ ನೋಡಿ ವೀಸಾ ಫೈಲಿಗೆ ಸೇರಿಸಿಬಿಡುತ್ತಾರೆ. ಓದಬೇಕಾದದ್ದು ಮೊದಲ ಪುಟದ ಹಣಕಾಸಿನ ಭಾಗ. ಎಡಗಡೆ ಅಂದಾಜು ಖರ್ಚು: ಶುಲ್ಕ, ಜೀವನ ವೆಚ್ಚ, ಅವಲಂಬಿತರ ವೆಚ್ಚ, ಇತರೆ. ಬಲಗಡೆ ಆ ಹಣ ಎಲ್ಲಿಂದ ಬರುತ್ತದೆ ಎಂಬ ವಿವರ. ಎರಡೂ ಕಡೆ ತಾಳೆಯಾದರೆ ಸಂಸಾರ ಸಮೇತ ಹೊರಡಬಹುದು ಎಂದೇ ಎಲ್ಲರೂ ತಿಳಿಯುತ್ತಾರೆ. ಒಂಟಿ ವಿದ್ಯಾರ್ಥಿಯ ಮಟ್ಟಿಗೆ ಈ ಲೆಕ್ಕ ಅಷ್ಟೇನೂ ಕೆಟ್ಟದ್ದಲ್ಲ. ಹೆಂಡತಿ ಮಕ್ಕಳನ್ನು (ಅಥವಾ ಗಂಡನನ್ನು, ಅದೂ ಈಗ ಅಪರೂಪವಲ್ಲ) ಕರೆದುಕೊಂಡು ಹೋಗುವವರಿಗೆ ಮಾತ್ರ ಇದು ದಾರಿ ತಪ್ಪಿಸುವ ದಾಖಲೆ ಎಂಬುದು ನನ್ನ ತಕರಾರು.

ಶುಲ್ಕದ ಸಾಲನ್ನು ನಂಬಬಹುದು. ಜೀವನ ವೆಚ್ಚವನ್ನೂ ಆಯಾ ಊರಿನ ಬಾಡಿಗೆ ಗೊತ್ತಿರುವ ವಿಶ್ವವಿದ್ಯಾಲಯವೇ ಹಾಕುತ್ತದೆ. ಎಡವಟ್ಟಾಗುವುದು ಅವಲಂಬಿತರ ಸಾಲಿನಲ್ಲಿ. ಸಂಗಾತಿಗೆ ಇಷ್ಟು ಸಾವಿರ ಡಾಲರ್, ಮಗುವಿಗೆ ಇಷ್ಟು ಎಂದು ತಲೆಗೊಂದು ದರ ಹಾಕಿ ಕೂಡಿಸಿರುತ್ತಾರೆ. ವಿದ್ಯಾರ್ಥಿಯ ಖರ್ಚಿಗೆ ಇನ್ನೊಂದಿಷ್ಟು ಊಟ, ಇನ್ನೊಂದಿಷ್ಟು ಬಟ್ಟೆ ಸೇರಿಸಿದರೆ ಸಂಸಾರವಾಗುತ್ತದೆ ಎಂಬ ಎಣಿಕೆ ಇದು.

ಬಾಡಿಗೆಯನ್ನೇ ನೋಡಿ. ಎಂ.ಎಸ್.ಗೆ ಹೋದ ನಮ್ಮ ಹುಡುಗರು ಎರಡು ಬೆಡ್‌ರೂಮಿನ ಮನೆಯಲ್ಲಿ ನಾಲ್ಕೈದು ಮಂದಿ ಸೇರಿ, ಹಾಲ್‌ನಲ್ಲೂ ಒಂದು ಹಾಸಿಗೆ ಹಾಕಿ, ಬಾಡಿಗೆ ಹಂಚಿಕೊಳ್ಳುತ್ತಾರೆ. ಮೂರು ವರ್ಷದ ಮಗುವಿರುವ ದಂಪತಿಗೆ ಹಾಗೆ ಹಂಚಿಕೊಳ್ಳಲಾಗದು. ಪೂರ್ತಿ ಬಾಡಿಗೆ ಒಬ್ಬರ ಸ್ಟೈಪೆಂಡಿನ ಮೇಲೆ ಬೀಳುತ್ತದೆ. ಆ ಸ್ಟೈಪೆಂಡೂ ಎಷ್ಟೋ ಕಡೆ ಒಂಬತ್ತು ತಿಂಗಳಿಗಷ್ಟೇ. ಬೇಸಿಗೆಯಲ್ಲಿ ಒಂಟಿ ಹುಡುಗ ತನ್ನ ಜಾಗವನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಊರಿಗೆ ಬಂದುಹೋಗುತ್ತಾನೆ. ಸಂಸಾರಸ್ಥರಿಗೆ ಜೂನ್, ಜುಲೈ, ಆಗಸ್ಟ್ ಎಂಬ ಮೂರು ತಿಂಗಳು ಬಾಡಿಗೆಯ ಕಡೆಯಿಂದ ಯಾವ ರಿಯಾಯಿತಿಯೂ ಇಲ್ಲ.

ಆರೋಗ್ಯ ವಿಮೆಯದೂ ಇದೇ ಕತೆ. ಪಿಎಚ್.ಡಿ. ವಿದ್ಯಾರ್ಥಿಯ ಪ್ರೀಮಿಯಂ ಅನ್ನು ಅನೇಕ ವಿಶ್ವವಿದ್ಯಾಲಯಗಳು ತಾವೇ ಕಟ್ಟುತ್ತವೆ, ಹೆಂಡತಿ ಮಗುವಿನದನ್ನು ಬಹಳ ಕಡೆ ಕಟ್ಟುವುದಿಲ್ಲ. ಎಫ್-2, ಅಂದರೆ ವಿದ್ಯಾರ್ಥಿಯ ಅವಲಂಬಿತರ ವೀಸಾ ಇರುವವರಿಗೆ ವಿಮೆ ಇರಲೇಬೇಕೆಂದು ವೀಸಾ ನಿಯಮ ಹೇಳದ ಕಾರಣ, ಒಂದೆರಡು ವರ್ಷ ಹೇಗೋ ನಡೆಯುತ್ತದೆ ಎಂದು ಹೆಂಡತಿಯನ್ನು ವಿಮೆಯಿಲ್ಲದೆ ಇಡುವವರಿದ್ದಾರೆ. ಇದು ಉಳಿತಾಯವಲ್ಲ, ಜೂಜು. ಮಗುವನ್ನು ನೋಡಿಕೊಳ್ಳುವ ಖರ್ಚು ಬೇರೆ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಶೈಕ್ಷಣಿಕ ನೌಕರರು ಮುಷ್ಕರ ಹೂಡಿದಾಗ ಸಂಬಳದ ಜೊತೆಗೆ ಮಕ್ಕಳ ಪಾಲನೆಯ ಭತ್ಯೆಯನ್ನೂ ಕೇಳಿದ್ದರು. ಅಲ್ಲಿಯವರಿಗೇ ಸಾಕಾಗದ ಹಣದಲ್ಲಿ ಹೊರಗಿನಿಂದ ಹೋದವರು, ಅದೂ ಒಬ್ಬರೇ ದುಡಿಯಬೇಕಾದವರು, ಹೇಗೆ ಸುಧಾರಿಸುತ್ತಾರೆ?

ಒಬ್ಬರೇ ದುಡಿಯಬೇಕಾಗಿರುವುದೇ ನಿಜವಾದ ವೆಚ್ಚ. ಐ-20ರಲ್ಲಿ ಅದಕ್ಕೆ ಸಾಲೇ ಇಲ್ಲ. ಎಫ್-2 ವೀಸಾದ ಸಂಗಾತಿ ಸಂಬಳಕ್ಕೆ ದುಡಿಯುವಂತಿಲ್ಲ. 2015ರಿಂದ ಅರೆಕಾಲಿಕವಾಗಿ ಓದಲು ಬಿಟ್ಟಿದ್ದಾರೆ, ಅಷ್ಟೇ. ಸೋಷಿಯಲ್ ಸೆಕ್ಯುರಿಟಿ ನಂಬರೂ ಸಿಗುವುದಿಲ್ಲ. ಎಷ್ಟೋ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಬೇಕಾದರೆ ಮೊದಲು ಆ ನಂಬರಿನ ಕಚೇರಿಗೆ ಹೋಗಿ, ‘ಇವರಿಗೆ ನಂಬರು ಕೊಡಲು ಬರುವುದಿಲ್ಲ’ ಎಂಬ ಪತ್ರ ಬರೆಸಿಕೊಂಡು ಬರಬೇಕು. ಬೆಂಗಳೂರಿನಲ್ಲಿ ಹತ್ತು ಜನರ ತಂಡ ನಡೆಸುತ್ತಿದ್ದವಳು ತನಗೆ ಅರ್ಹತೆಯಿಲ್ಲ ಎಂಬ ಕಾಗದ ಹಿಡಿದು ಸಾಲಿನಲ್ಲಿ ನಿಲ್ಲುವುದು ಯಾವ ಅಂದಾಜು ಪಟ್ಟಿಗೂ ಸೇರುವುದಿಲ್ಲ.

ಇದು ಎರಡು ವರ್ಷದ ಮಾತು ಎಂದುಕೊಳ್ಳುವವರೇ ಹೆಚ್ಚು. ಎಂ.ಎಸ್. ಮುಗಿದ ಮೇಲೆ ಓಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ ಬರುತ್ತದೆ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಒಟ್ಟು ಮೂರು ವರ್ಷ. ಆಗ ವಿದ್ಯಾರ್ಥಿ ಕೆಲಸಕ್ಕೆ ಹೋಗುತ್ತಾನೆ, ಸಂಗಾತಿ ಎಫ್-2ನಲ್ಲೇ ಉಳಿಯುತ್ತಾಳೆ. ಅಲ್ಲಿಗೆ ಐದು ವರ್ಷ. ಲಾಟರಿಯಲ್ಲಿ ಎಚ್-1ಬಿ ಉದ್ಯೋಗ ವೀಸಾ ಸಿಕ್ಕರೂ ಅದರ ಅವಲಂಬಿತರ ವೀಸಾವಾದ ಎಚ್-4ನವರಿಗೆ ಕೆಲಸದ ಅನುಮತಿ ತಾನಾಗಿ ಬರುವುದಿಲ್ಲ. ಸಾಮಾನ್ಯವಾಗಿ ಗ್ರೀನ್‌ಕಾರ್ಡಿನ ಹಾದಿಯಲ್ಲಿ ಉದ್ಯೋಗದಾತರ ಐ-140 ಅರ್ಜಿ ಮಂಜೂರಾಗುವ ತನಕ ಕಾಯಬೇಕು. ಇಷ್ಟು ವರ್ಷದ ಸಂಬಳ, ಪಿ.ಎಫ್., ಬಡ್ತಿ, ರೆಸ್ಯೂಮೆಯಲ್ಲಿ ಬೀಳುವ ಖಾಲಿ ಜಾಗ ಎಲ್ಲ ಕೂಡಿಸಿದರೆ ಶುಲ್ಕವೇ ಚಿಕ್ಕದಾಗಿ ಕಂಡೀತು.

ನಮ್ಮ ಕಡೆಯ ಲೆಕ್ಕವೂ ಇದಕ್ಕಿಂತ ಜಾಣತನದ್ದಲ್ಲ. ಚೆನ್ನೈಗೋ ಹೈದರಾಬಾದಿಗೋ ವೀಸಾ ಸಂದರ್ಶನಕ್ಕೆ ಹೊರಡುವಾಗ ಕಟ್ಟುವ ಫೈಲಿನಲ್ಲಿ ಸೈಟಿನ ಬೆಲೆ, ತೋಟದ ಪಹಣಿ, ಚಿನ್ನದ ಮೌಲ್ಯ ಎಲ್ಲ ಸೇರಿಸಿ ಸಿ.ಎ. ಕೊಟ್ಟ ಸರ್ಟಿಫಿಕೇಟು ಇರುತ್ತದೆ. ಜೊತೆಗೆ ಹೆಂಡತಿಯ ಸ್ಯಾಲರಿ ಸ್ಲಿಪ್ಪುಗಳು! ಹೊರಡುವ ವಾರ ರಾಜೀನಾಮೆ ಕೊಡಲಿರುವ ಕೆಲಸದ ಸಂಬಳವನ್ನು ಬಲಗಡೆಯ ಆಧಾರವಾಗಿ ತೋರಿಸಿ, ಅದೇ ಸಂಬಳ ನಿಂತುಹೋಗುವುದನ್ನು ಎಡಗಡೆ ಬರೆಯುವುದಿಲ್ಲ. ಬ್ಯಾಂಕಿನ ಶಿಕ್ಷಣ ಸಾಲವೂ ಸಾಮಾನ್ಯವಾಗಿ ವಿದ್ಯಾರ್ಥಿಯ ಖರ್ಚನ್ನಷ್ಟೇ ನೋಡುತ್ತದೆ. ಉಳಿದದ್ದು ಒಡವೆ ಅಡವಿಟ್ಟೋ ಮಾವನ ಮನೆಯಿಂದಲೋ ಹುಟ್ಟಬೇಕು. ಅಲ್ಲೇ ಮಗುವಾದರೆ ಬಾಣಂತನಕ್ಕೆ ಅಮ್ಮ ಹೋಗುತ್ತಾರೆ. ಅವರ ವಿಮಾನದ ಟಿಕೆಟ್ಟು ಲೆಕ್ಕಕ್ಕೆ ಸಿಗುತ್ತದೆ, ಆರು ತಿಂಗಳ ದುಡಿಮೆ ಸಿಗುವುದಿಲ್ಲ.

ಬೇರೆ ದೇಶಗಳಲ್ಲಿ ಹೀಗೇ ಇರಬೇಕಿಲ್ಲ. ಬ್ರಿಟನ್ನಿನಲ್ಲಿ ಅವಲಂಬಿತರು ಕೆಲಸ ಮಾಡಬಹುದು. ಆದರೆ 2024ರ ಜನವರಿಯಿಂದ, ಸಂಶೋಧನಾ ಪದವಿಯವರನ್ನೂ ಕೆಲವು ಸರ್ಕಾರಿ ವಿದ್ಯಾರ್ಥಿವೇತನದವರನ್ನೂ ಬಿಟ್ಟರೆ, ಮಾಸ್ಟರ್ಸ್ ವಿದ್ಯಾರ್ಥಿಗಳು ಕುಟುಂಬ ಕರೆತರುವಂತಿಲ್ಲ. ಕರೆತರುವವರು ಆರೋಗ್ಯ ಸರ್‌ಚಾರ್ಜನ್ನು ತಲೆಗೆ ವರ್ಷಕ್ಕೆ 776 ಪೌಂಡಿನಂತೆ ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು. ಮೂವರಿಗೆ ನಾಲ್ಕು ವರ್ಷವೆಂದರೆ 9,000 ಪೌಂಡ್ ದಾಟುತ್ತದೆ. ಕ್ರೂರವೇ ಸರಿ. ಆದರೆ ವಿಮಾನ ಹತ್ತುವ ಮೊದಲೇ ಎದುರಿಗೆ ನಿಲ್ಲುವ ಖರ್ಚು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. 2024ರ ಸೆಪ್ಟೆಂಬರಿನಿಂದ ವಿದ್ಯಾರ್ಥಿ ವರ್ಷಕ್ಕೆ 11,904 ಯೂರೋ ಖಾತೆಯಲ್ಲಿಟ್ಟು ತಿಂಗಳಿಗೆ 992ರಂತೆ ತೆಗೆಯಬೇಕು. ಆಮೇಲೆ ಬರುವ ಸಂಗಾತಿಗೆ ಕೆಲಸದ ಹಕ್ಕುಂಟು, ಬದಲಿಗೆ ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಕೇಳುತ್ತಾರೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕೆಲವು ತಿಂಗಳು ಕೂತು ಕಲಿಯುವುದು ಐದು ವರ್ಷ ಮನೆಯಲ್ಲಿ ಕೂರುವುದಕ್ಕಿಂತ ಸೋವಿ. ಕೆನಡಾ 2025ರ ಜನವರಿಯಿಂದ ಸಂಗಾತಿಯ ಕೆಲಸದ ಪರ್ಮಿಟ್ಟನ್ನು ಬಿಗಿಗೊಳಿಸಿ, ಮಾಸ್ಟರ್ಸ್‌ನಲ್ಲಿ 16 ತಿಂಗಳು ಅಥವಾ ಹೆಚ್ಚಿನ ಕೋರ್ಸಿನವರಿಗೆ ಮಾತ್ರ ಉಳಿಸಿತು. ಹದಿನೈದು ತಿಂಗಳ ಕೋರ್ಸು ಅಗ್ಗವೆಂದು ಆರಿಸಿಕೊಂಡವರು ಈಗ ಮತ್ತೆ ಕೂಡಿ ಕಳೆಯಬೇಕು.

ಅಮೆರಿಕಕ್ಕೇ ಹೋಗುವವರಿಗೆ ಒಂದು ಕಿಂಡಿ ಉಂಟು. ಹೊರಗಿನ ನೆರವಿನಿಂದಲೇ ಬಹುಪಾಲು ಖರ್ಚು ನಡೆಯುವವರು ಎಫ್-1 ವಿದ್ಯಾರ್ಥಿ ವೀಸಾದ ಬದಲು ಜೆ-1 ವಿನಿಮಯ ವೀಸಾಕ್ಕೆ ಪತ್ರ ಕೊಡುತ್ತೀರಾ ಎಂದು ವಿಶ್ವವಿದ್ಯಾಲಯವನ್ನು ಕೇಳಬಹುದು. ಜೆ-2 ಸಂಗಾತಿ ಅನುಮತಿ ಪಡೆದು ದುಡಿಯಬಹುದು, ಆದರೆ ಆ ಸಂಬಳ ಜೆ-1 ವಿದ್ಯಾರ್ಥಿಯ ಪೋಷಣೆಗೆ ಹೋಗಕೂಡದು ಎಂಬ ವಿಚಿತ್ರ ಷರತ್ತಿದೆ. ಸರ್ಕಾರದ ಹಣದಲ್ಲಿ ಓದಿದವರಿಗೆ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮವೂ ತಗಲಬಹುದು. ತೊಡಕಿನ ದಾರಿಯೇ, ಎಲ್ಲರಿಗೂ ಸಿಗುವಂಥದ್ದೂ ಅಲ್ಲ. ಆದರೂ ಎಫ್-1ಗೆ ಐ-20 ತರಿಸಿಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆಯಿದು. ಕನ್ಸಲ್ಟೆನ್ಸಿಯವರು ತಾವಾಗಿ ಎತ್ತುವುದಿಲ್ಲ.