ಅಜ್ಜಿಯನ್ನು ಯಾರು ಕೊಲ್ಲಬೇಕು?

ದರೋಡೆ ಸಿನಿಮಾ ರೀಮೇಕ್ ಮಾಡುವವರು ಸಾಮಾನ್ಯವಾಗಿ ದರೋಡೆಯನ್ನಷ್ಟೇ ರೀಮೇಕ್ ಮಾಡ್ತಾರೆ. ಪ್ಲಾನು, ವ್ಯಾನು, ದುಡ್ಡಿನ ಚೀಲ, ಕೊನೆಗೊಂದು ಟ್ವಿಸ್ಟು. ಆದರೆ ದರೋಡೆ ಎಡವಟ್ಟಾಗಿ ನಗು ಬರುವ ಸಿನಿಮಾಗಳಲ್ಲಿ ನಿಜವಾದ ಕಥೆ ಶುರುವಾಗೋದೇ ದುಡ್ಡು ಕೈಗೆ ಬಂದ ಮೇಲೆ. ಆಮೇಲೆ ಏನಾಗುತ್ತೆ ಅನ್ನೋದನ್ನ ಕಳ್ಳರಲ್ಲ, ಊರು ತೀರ್ಮಾನ ಮಾಡುತ್ತೆ.

1955ರ ಇಂಗ್ಲಿಷ್ ಸಿನಿಮಾ ‘ದಿ ಲೇಡಿಕಿಲ್ಲರ್ಸ್’ ನೋಡಿ. ಅಲೆಕ್ಸಾಂಡರ್ ಮೆಕೆಂಡ್ರಿಕ್ ನಿರ್ದೇಶನ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನ ಹತ್ತಿರ ಒಂಟಿ ಮುದುಕಿಯೊಬ್ಬಳ ಓರೆ ಮನೆ. ಸಂಗೀತಗಾರರ ವೇಷದಲ್ಲಿ ಬಾಡಿಗೆಗೆ ಬರುವ ಐವರು ಕಳ್ಳರು ಗ್ರಾಮಫೋನ್ ರೆಕಾರ್ಡ್ ಹಾಕಿಟ್ಟು ಒಳಗೆ ಸಂಚು ಮಾಡ್ತಾರೆ. ಕದ್ದ ದುಡ್ಡನ್ನು ಸ್ಟೇಷನ್ನಿಂದ ಮನೆಗೆ ತರೋದೂ ಆ ಅಜ್ಜಿಯೇ, ಏನೂ ಗೊತ್ತಿಲ್ಲದೆ. ಗೊತ್ತಾದ ಮೇಲೆ ಅವಳನ್ನು ಮುಗಿಸಬೇಕು. ಕಡ್ಡಿ ಎತ್ತಿ ಚೀಟಿ ಹಾಕಿದ ಹಾಗೆ ಆರಿಸ್ತಾರೆ. ಆದರೆ ಚಹಾ ಕೊಟ್ಟ, ಗದರಿದ ಮುದುಕಿಯನ್ನು ಕೊಲ್ಲೋದು ಯಾರಿಂದಲೂ ಆಗಲ್ಲ. ಬದಲಿಗೆ ಒಬ್ಬರನ್ನೊಬ್ಬರು ಮುಗಿಸಿಕೊಳ್ತಾರೆ. ಹೆಣಗಳು ಮನೆ ಹಿಂದಿನ ಹಳಿಯಲ್ಲಿ ಹೋಗುವ ಗೂಡ್ಸ್ ಗಾಡಿಗೆ ಬೀಳ್ತವೆ.

2004ರಲ್ಲಿ ಕೋಯನ್ ಸಹೋದರರು ಇದನ್ನು ಅಮೆರಿಕದ ಮಿಸಿಸಿಪ್ಪಿಗೆ ಒಯ್ದರು. ಗೂಡ್ಸ್ ಗಾಡಿಯ ಜಾಗಕ್ಕೆ ಕಸ ಸಾಗಿಸುವ ದೋಣಿ ಬಂತು, ವ್ಯಾನಿನ ದುಡ್ಡಿನ ಜಾಗಕ್ಕೆ ಕ್ಯಾಸಿನೋ, ಅಜ್ಜಿಗೆ ಚರ್ಚು. ಇರ್ಮಾ ಹಾಲ್ ಅಭಿನಯ ಚೆನ್ನಾಗಿದೆ. ಆದರೂ ಸಿನಿಮಾ ತಣ್ಣಗಿದೆ. ಯಾಕಂದ್ರೆ ಊರಿನ ಸಾಮಾನೆಲ್ಲ ಬದಲಾಯಿತು, ಕಳ್ಳರ ಮನಸ್ಸಿನ ಸಂಕೋಚ ಮಾತ್ರ ದಾಟಿ ಬರಲಿಲ್ಲ. ಟಾಮ್ ಹ್ಯಾಂಕ್ಸ್ ಪ್ರೊಫೆಸರನ ಉದ್ದುದ್ದ ಮಾತು ಕೇಳ್ತಾ ಕೂರ್ತೀವಿ, ಅಜ್ಜಿಗೆ ಅವನು ಹೆದರಿದ್ದು ಎಲ್ಲೂ ಕಾಣಲ್ಲ. ಒಂದು ಸಿಸ್ಟಮ್ಮಿನ ಕೋಡನ್ನು ಇನ್ನೊಂದಕ್ಕೆ ಸಾಗಿಸಿದವರಿಗೆ ಈ ಕಷ್ಟ ಗೊತ್ತಿರುತ್ತೆ: ಫೈಲೆಲ್ಲ ಬರುತ್ತೆ, ಅದು ಯಾವುದನ್ನು ನಂಬಿಕೊಂಡು ಓಡ್ತಿತ್ತೋ ಅದು ಅಲ್ಲೇ ಉಳಿದುಬಿಡುತ್ತೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು 2020ರ ‘ಮಾಯಾಬಜಾರ್ 2016’. ರಾಧಾಕೃಷ್ಣ ರೆಡ್ಡಿ ನಿರ್ದೇಶನ, ರಾಜ್ ಬಿ. ಶೆಟ್ಟಿ, ವಸಿಷ್ಠ ಸಿಂಹ, ಅಚ್ಯುತ್ ಕುಮಾರ್. ನೋಟು ರದ್ದಾದ ಹೊತ್ತಲ್ಲಿ ಕಪ್ಪುಹಣಕ್ಕೆ ಕೈ ಹಾಕುವವರ ಕಥೆ. ಅದೇ ವರ್ಷ ತಮಿಳಿನಲ್ಲಿ ‘ನಾಂಗ ರೊಂಬ ಬಿಝಿ’ ಆಯಿತು. ಸಲೀಸಾಗಿ ಹೋಯಿತು, ಯಾಕಂದ್ರೆ 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ಬೆಂಗಳೂರಿನಲ್ಲೂ ಚೆನ್ನೈನಲ್ಲೂ ಒಟ್ಟಿಗೇ ಸತ್ತಿತ್ತು. ಇಡೀ ದೇಶಕ್ಕೆ ಒಂದೇ ಆಗಿರೋದನ್ನು ರೀಮೇಕ್ ಮಾಡೋದು ಸುಲಭ. ಒಂದು ಊರಿಗೆ ಮಾತ್ರ ಸೇರಿದ್ದು ಸಿಕ್ಕಾಗ ಕಷ್ಟ, ಮಜಾ ಇರೋದೂ ಅಲ್ಲೇ.

ಹಾಗಾದ್ರೆ ‘ಲೇಡಿಕಿಲ್ಲರ್ಸ್’ ನಮ್ಮ ಗುಂಡ್ಲುಪೇಟೆಗೆ ಬರಲಿ. ಮೊದಲ ತೊಂದರೆ, ರೈಲಿಲ್ಲ. ಹಳಿ ಚಾಮರಾಜನಗರಕ್ಕೇ ಮುಗಿದುಹೋಗುತ್ತೆ. ಇರೋದು ಕೇರಳಕ್ಕೆ ತರಕಾರಿ ಹೊರುವ ಲಾರಿಗಳು. ಆದರೆ ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆಗೆಯೋದು ಬೆಳಗ್ಗೆ 6ಕ್ಕೆ. 2009ರಲ್ಲಿ ಬಂದ ನಿಯಮ. ಲಂಡನ್ನಿನಲ್ಲಿ ಹೆಣ ಹೊಗೆಯಲ್ಲಿ ಮಾಯವಾಗುತ್ತೆ. ಇಲ್ಲಿ ಒಂಬತ್ತೂ ಕಾಲಿಗೆ ಟೊಮ್ಯಾಟೊ ಲಾರಿಗೆ ಹಾಕಿದ ಹೆಣ ಚೆಕ್‌ಪೋಸ್ಟಿನ ಸಾಲಲ್ಲಿ ಬೆಳಗಿನ ತನಕ ಕಾಯಬೇಕು, ಡ್ರೈವರು ಪಕ್ಕದಲ್ಲೇ ಟೀ ಕುಡೀತಾ ನಿಂತಿರ್ತಾನೆ. ಇಷ್ಟು ಒಳ್ಳೆ ದೃಶ್ಯವನ್ನು ಸರ್ಕಾರವೇ ಬರೆದುಕೊಟ್ಟಿದೆ.

ಎರಡನೇದು ವೇಷ. ಕಂಸಾಳೆ ಮೇಳದವರು ಅಂತ ಹೇಳ್ಕೊಂಡು ಬಂದರೆ ಮೊದಲ ಸಂಜೆಯೇ ಸಿಕ್ಕಿಬೀಳ್ತಾರೆ. ಮಾದಪ್ಪನ ಒಕ್ಕಲಿನ ಅಜ್ಜಿಗೆ ಕಥೆ ಪೂರಾ ಬಾಯಲ್ಲಿರುತ್ತೆ. “ಯಾಕ್ ಕೂಸು, ತಾಳ ತಪ್ತಾ ಅದ” ಅಂತ ಬಾಗಿಲಿಗೇ ಬಂದು ಕೂರ್ತಾಳೆ. ರೆಕಾರ್ಡ್ ಹಾಕಿ ಅವಳನ್ನು ಯಾಮಾರಿಸೋಕಾಗಲ್ಲ. ಕಳ್ಳರು ನಿಜವಾಗಿ ಕಂಸಾಳೆ ಕಲೀಬೇಕು. ಅದೇ ಚೆಂಡುಹೂವಿನ ಹೊಲದಲ್ಲಿ ರೀಲ್ಸ್ ಮಾಡೋಕೆ ಬಂದವರು ಅಂದ್ರೆ ಯಾರೂ ತಿರುಗಿ ನೋಡಲ್ಲ. ಯಾವ ವೇಷ ಆರಿಸ್ತೀರಿ ಅನ್ನೋದರ ಮೇಲೆ ಅಜ್ಜಿ ಯಾರು ಅನ್ನೋದು ನಿಂತಿದೆ. ನಮ್ಮ ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತು ಬಂತು ಅಂದ್ರೆ ಸಾಮಾನ್ಯವಾಗಿ ಅದು ಪೆದ್ದನ ಬಾಯಲ್ಲೇ ಬರುತ್ತೆ. ಇಲ್ಲಿ ಆ ಮಾತಾಡುವವಳೇ ಎಲ್ಲರಿಗಿಂತ ತಿಳಿದವಳಾಗಿರಬೇಕು.

ಇಂಥ ಪಾತ್ರ ನಮಗೆ ಹೊಸದಲ್ಲ. ‘ತಿಥಿ’ಯ ಗಡ್ಡಪ್ಪನನ್ನು ನೆನೆಸಿಕೊಳ್ಳಿ. ಮಗ ತಮ್ಮಣ್ಣ ಜಮೀನು ಮಾರೋಕೆ ಅಪ್ಪ ಸತ್ತಿದ್ದಾನೆ ಅಂತ ಸುಳ್ಳು ಸರ್ಟಿಫಿಕೇಟು ಮಾಡಿಸ್ತಾನೆ, ಗಡ್ಡಪ್ಪ ಕುರಿಗಾಹಿಗಳ ಜೊತೆ ಸೇರ್ಕೊಂಡು ಆರಾಮಾಗಿರ್ತಾನೆ. ದರೋಡೆ ಅಲ್ಲ ನಿಜ, ಆದರೆ ಅದೂ ಕೆಟ್ಟುಹೋದ ಸಂಚೇ. ಕೆಡಿಸಿದ್ದು ಪೊಲೀಸರಲ್ಲ, ದುಡ್ಡೇ ಬೇಡದ ಒಬ್ಬ ಮುದುಕ. ರಾಮ್ ರೆಡ್ಡಿ, ಈರೇಗೌಡ ಅದನ್ನು ಯಾವ ಇಂಗ್ಲಿಷ್ ಸಿನಿಮಾದಿಂದಲೂ ತರಬೇಕಾಗಿರಲಿಲ್ಲ, ಮಂಡ್ಯದ ನೊದೆಕೊಪ್ಪಲಿನಲ್ಲೇ ಸಿಕ್ಕಿತು.

ನನಗೆ ದಾರಿ ಕಾಣದಿರೋದು ಕೊನೆಯ ದೃಶ್ಯಕ್ಕೆ. ಮೂಲದಲ್ಲಿ ಅಜ್ಜಿ ಸ್ಟೇಷನ್ನಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತಾಳೆ. ಪಾಪ, ವಯಸ್ಸಾಯ್ತು ಅಂದ್ಕೊಂಡು ಪೊಲೀಸರು ದುಡ್ಡು ನೀವೇ ಇಟ್ಕೊಳ್ಳಿ ಅಂತ ನಯವಾಗಿ ಕಳಿಸ್ತಾರೆ. ಅವಳ ಮಾತನ್ನು ನಂಬದಿರೋದೇ ಅವಳಿಗೆ ಲಾಭ. ಈ ನಗು ನಮ್ಮಲ್ಲಿ ನಡೆಯುತ್ತಾ? ಅದೇ 2016ರ ನವೆಂಬರಿನಲ್ಲಿ ಸಾಸಿವೆ ಡಬ್ಬಿಯಲ್ಲಿ, ಸೀರೆ ಮಡಿಕೆಯಲ್ಲಿ ಮಗನಿಗೂ ಹೇಳದೆ ಕೂಡಿಟ್ಟ ನೋಟು ಹಿಡ್ಕೊಂಡು ಎಷ್ಟು ಹೆಂಗಸರು ಬ್ಯಾಂಕಿನ ಸಾಲಲ್ಲಿ ನಿಂತರು. ತಾವೇ ದುಡಿದು ಉಳಿಸಿದ ದುಡ್ಡಿಗೆ ಲೆಕ್ಕ ಒಪ್ಪಿಸಬೇಕಾಗಿತ್ತು. ಚೀಲದ ತುಂಬ ದುಡ್ಡು ತಂದ ಗುಂಡ್ಲುಪೇಟೆಯ ಅಜ್ಜಿಗೆ ನೀನೇ ಇಟ್ಕೋ ತಾಯಿ ಅಂತ ಯಾರೂ ಅನ್ನಲ್ಲ. ಬೆಂಚಿನ ಮೇಲೆ ಕೂರಿಸ್ತಾರೆ, ಆಧಾರ್ ಕೇಳ್ತಾರೆ, ಜೊತೆಗೆ ಯಾರಿದ್ರು ಅಂತ ಮತ್ತೆ ಮತ್ತೆ ಕೇಳ್ತಾರೆ.

ಆದ್ದರಿಂದ ಕನ್ನಡದಲ್ಲಿ ಇದನ್ನು ಮಾಡುವವರಿಗೆ ನನ್ನದೊಂದೇ ಕೋರಿಕೆ. ದರೋಡೆ ಪ್ಲಾನು ಆಮೇಲೆ ಬರೆಯಿರಿ. ಮೊದಲು ಆ ಬೆಂಚಿನ ಮೇಲಿನ ಅಜ್ಜಿ ಮನೆಗೆ ಹೇಗೆ ವಾಪಸ್ ಬರ್ತಾಳೆ ಅನ್ನೋದನ್ನ ಬರೆಯಿರಿ. ಅದು ನಗು ಬರೋ ಹಾಗೆ, ಸುಳ್ಳೂ ಅನ್ನಿಸದ ಹಾಗೆ ಇದ್ದರೆ, ಮಿಕ್ಕಿದ್ದೆಲ್ಲ ಲಾರಿ ಹತ್ತಿ ತಾನೇ ಬರುತ್ತೆ.