ಕಡಲಹಕ್ಕಿಯ ಕೂಗು, ಇಲಿಯ ಪ್ರಾಣ

ಆಂಗ್ಲ ಲೇಖಕ ಆಡಂ ನಿಕಲ್ಸನ್ ಅವರು 2017ರಲ್ಲಿ ಪ್ರಕಟಿಸಿದ ‘ದಿ ಸೀಬರ್ಡ್ಸ್ ಕ್ರೈ’ ಎಂಬ ಗ್ರಂಥವು ಕಡಲಹಕ್ಕಿಗಳ ಬಾಳನ್ನು ಹತ್ತು ಅಧ್ಯಾಯಗಳಲ್ಲಿ ವಿವರಿಸುತ್ತದೆ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಶಿಯಂಟ್ ದ್ವೀಪಗಳು ಅವರ ಮನೆತನದ ಸ್ವತ್ತು. ಅಲ್ಲಿಯ ಕಡಿದಾದ ಬಂಡೆಗಳ ಪರಿಚಯವು ಬರವಣಿಗೆಯಲ್ಲಿ ಎದ್ದು ಕಾಣುತ್ತದೆ.

ಪ್ರತಿಯೊಂದು ಜೀವಿಯೂ ತನ್ನ ಇಂದ್ರಿಯಗಳು ಕಟ್ಟಿಕೊಟ್ಟ ಪ್ರತ್ಯೇಕ ಜಗತ್ತಿನಲ್ಲಿ ಬಾಳುತ್ತದೆ ಎಂಬ ಜೀವವಿಜ್ಞಾನಿ ಉಕ್ಸ್‌ಕುಲ್ ಅವರ ವಿಚಾರವು ಗ್ರಂಥದ ಆಧಾರ. ಗಿಲಿಮಾಟ್ ಎಂಬ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿಯ ಬಂಡೆಯ ಅಂಚಿನಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಸುಮಾರು ಮೂರು ವಾರಗಳಲ್ಲಿ, ಹಾರಲು ಬಾರದಿರುವಾಗಲೇ, ಮರಿಯು ಕಡಲಿಗೆ ಧುಮುಕುತ್ತದೆ. ತಂದೆಹಕ್ಕಿ ಅದರೊಡನೆ ಈಜುತ್ತ ಸಾಗುತ್ತದೆ. ನಮಗೆ ಪ್ರಪಾತವೆನಿಸಿದ್ದು ಅದಕ್ಕೆ ತೊಟ್ಟಿಲು. ಅನೇಕಾಂತದ ಪರಿಚಯವುಳ್ಳ ವಾಚಕರಿಗೆ ಈ ದೃಷ್ಟಿ ಹೊಸದೆನಿಸದು.

ಆದರೆ ಈ ದೃಷ್ಟಿಯನ್ನು ಹಕ್ಕಿಗಷ್ಟೇ ಅನ್ವಯಿಸಿ ನಿಲ್ಲಿಸಬಹುದೇ? 2015-16ರ ಚಳಿಗಾಲದಲ್ಲಿ ಶಿಯಂಟ್ ದ್ವೀಪಗಳ ಇಲಿಗಳನ್ನು ವಿಷವಿಕ್ಕಿ ಕೊಲ್ಲಲಾಯಿತು. 2018ರಲ್ಲಿ ದ್ವೀಪಗಳು ಇಲಿಮುಕ್ತವೆಂದು ಘೋಷಿತವಾದವು. ಇಂಗ್ಲೆಂಡಿನ ಲಂಡಿ ದ್ವೀಪದಲ್ಲಿಯೂ ಇದೇ ಕಾರ್ಯ ನಡೆದು, 2006ರಲ್ಲಿ ಘೋಷಣೆಯಾಗಿತ್ತು. ಅಲ್ಲಿ ಬಿಲಗಳಲ್ಲಿ ಮೊಟ್ಟೆಯಿಡುವ ಮ್ಯಾಂಕ್ಸ್ ಶಿಯರ್‌ವಾಟರ್ ಹಕ್ಕಿಗಳು 2001ರಲ್ಲಿ ಸುಮಾರು 300 ಜೋಡಿಗಳಷ್ಟಿದ್ದವು. 2023ರ ಹೊತ್ತಿಗೆ 12,000 ಜೋಡಿಗಳನ್ನು ಮೀರಿದವು. ಈ ಫಲವನ್ನು ಅಲ್ಲಗಳೆಯಲಾಗದು.

ಆದರೂ ಇಲಿಯೂ ಪಂಚೇಂದ್ರಿಯ ಜೀವಿಯೇ. ನಿರ್ಧರಿಸಿ ವಿಷವಿಕ್ಕುವುದು ಸಂಕಲ್ಪೀ ಹಿಂಸೆ. ‘ನಿರ್ಮೂಲನ’ ಎಂದು ಹೆಸರಿಟ್ಟ ಮಾತ್ರಕ್ಕೆ ಅದರ ಸ್ವರೂಪ ಬದಲಾಗದು. ಗ್ರಂಥದ ಹತ್ತೂ ಅಧ್ಯಾಯಗಳು ಹಕ್ಕಿಗಳಿಗೇ ಮೀಸಲು. ಕತ್ತಲಲ್ಲಿ ಮೂಸುತ್ತ ಬಾಳುವ ಇಲಿಯ ಜಗತ್ತಿಗೂ ಒಂದು ಅಧ್ಯಾಯ ದೊರೆತಿದ್ದರೆ, ಗ್ರಂಥಕರ್ತರ ತತ್ತ್ವವು ನಿಜವಾದ ಒರೆಗೆ ಹತ್ತುತ್ತಿತ್ತು. ಇದು ಕೃತಿಯ ಮುಖ್ಯ ಕೊರತೆ.

ಹಾಗೆಂದು ಸುಮ್ಮನಿರುವುದೇ ಅಹಿಂಸೆಯೆಂದು ತಿಳಿಯಲಾಗದು. ಇಲಿ ತಾನಾಗಿ ಆ ದ್ವೀಪಗಳಿಗೆ ಈಜಿ ಬಂದುದಲ್ಲ. ಮನುಷ್ಯನ ಹಡಗು ಅದನ್ನು ತಂದಿತು. ವರ್ಷವರ್ಷವೂ ಅದರ ಬಾಯಿಗೆ ಬಿದ್ದ ಮೊಟ್ಟೆಮರಿಗಳ ಹೊಣೆಯಲ್ಲಿ ಮನುಷ್ಯನ ಪಾಲೂ ಇದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿರುವುದು ಇಲ್ಲಿ ಸ್ಮರಣೀಯ. ವಿಷಕ್ಕೂ ಮುನ್ನ, ಇಲಿಯ ಹಲ್ಲಿಗೂ ಮುನ್ನ, ಹಡಗನ್ನು ಶೋಧಿಸದೆ ದಡಕ್ಕೆ ತಂದ ಅಜಾಗರೂಕತೆಯಿತ್ತು. ಆ ಒಂದು ಎಚ್ಚರವಿದ್ದಿದ್ದರೆ ಹಕ್ಕಿಯೂ ಉಳಿಯುತ್ತಿತ್ತು, ಇಲಿಯೂ ಸಾಯುತ್ತಿರಲಿಲ್ಲ.

ಆದುದರಿಂದ ವಿಷವನ್ನು ಪುಣ್ಯವೆಂದು ಹೊಗಳಲಾರೆವು. ದೂರದಲ್ಲಿ ಕುಳಿತು ಅದನ್ನು ನಿಂದಿಸಿ ನಿರ್ಮಲರಾಗಲೂ ಆರೆವು. ಇಲಿ ಇನ್ನೂ ಕಾಲಿಡದ ದ್ವೀಪಗಳಿಗೆ ಹೋಗುವ ದೋಣಿ, ಮೂಟೆ, ಪೆಟ್ಟಿಗೆಗಳನ್ನು ಶೋಧಿಸುವ ಕಾರ್ಯವೊಂದೇ ಕಳಂಕವಿಲ್ಲದ್ದು. ಜೀವದಯೆಯ ನಿಧಿಯುಳ್ಳ ಬಸದಿಗಳ ಆಡಳಿತ ಮಂಡಳಿಗಳು ಇಂಥ ಕಾರ್ಯಗಳಿಗೆ ನೆರವು ನೀಡುವ ಸಂದರ್ಭ ಬಂದಾಗ, ಎಷ್ಟು ಜೀವ ಉಳಿಯಿತೆಂಬುದರ ಜೊತೆಗೆ, ಕೊಲ್ಲುವ ಪ್ರಸಂಗವೇ ಬಾರದಂತೆ ಏನು ಮಾಡಲಾಗಿದೆ ಎಂಬುದನ್ನೂ ಕೇಳಬೇಕು. ಗ್ರಂಥವು ಈ ಪ್ರಶ್ನೆಯನ್ನು ನಮ್ಮಲ್ಲಿ ಎಬ್ಬಿಸುವುದರಿಂದಲೇ ಓದಲರ್ಹವಾಗಿದೆ.